ಯಾರು ಯಾರಿಗೆ ಹೇಳಿದರು

೧೨ ಅಕ್ಟೋಬರ್ ೨೦೨೫, ಭಾನುವಾರ

ಈ ನೋಟ್‌ಬುಕ್ ಕದ್ದದ್ದು. ಮೊದಲ ಹನ್ನೊಂದು ಪುಟ ಲಾವಣ್ಯಳ ಗಣಿತ, ಅದರಲ್ಲಿ ಒಂಬತ್ತು ಪುಟ ತಪ್ಪು. ಲಾವಣ್ಯ ನನ್ನ ಮಾವನ ಮಗಳು, ಹತ್ತನೇ ಕ್ಲಾಸು. ಕಾಲು ಭಾಗ ಬರೆದು ಬಿಸಾಕುತ್ತಾಳೆ, ಮಾವ ಹೊಸದು ತರುತ್ತಾನೆ. ಬಿಸಾಕಿದ್ದನ್ನು ಎತ್ತಿಕೊಂಡರೆ ಕಳ್ಳತನ ಹೇಗಾಗುತ್ತದೆ ಅಂತ ಬೇರೆ ಮನೆಯವರು ಕೇಳಬಹುದು. ಈ ಮನೆಯಲ್ಲಿ ನಾನು ಏನು ಎತ್ತಿಕೊಂಡರೂ ಕಳ್ಳತನವೇ.

ಲೇಬಲ್ ಮೇಲೆ ಅವಳ ಹೆಸರು ಕೆರೆದು ನನ್ನದು ಬರೆದೆ. ಹೆಸರು: ರೂಪ. ತರಗತಿ: ಖಾಲಿ. ನಾನು ಒಂಬತ್ತನೇ ಕ್ಲಾಸಿನ ಅರ್ಧದಲ್ಲಿದ್ದಾಗ ಅಪ್ಪ ಸತ್ತ. ತಿಥಿ ಮುಗಿದ ಮಾರನೇ ದಿನ ಅಮ್ಮ ನನ್ನನ್ನು ಕರೆದುಕೊಂಡು ಶಿಡ್ಲಘಟ್ಟಕ್ಕೆ, ತನ್ನ ಅಣ್ಣನ ಮನೆಗೆ ಬಂದಳು. ಅದರ ಮಾರನೇ ದಿನ ನನ್ನ ಕೈ ಬಿಸಿನೀರಿನಲ್ಲಿತ್ತು. ಈಗ ನನಗೆ ಹದಿನೇಳು. ಇನ್ನೂ ಅಲ್ಲೇ ಇದೆ.

ಮನೆಯ ಹಿಂದಿನ ಶೆಡ್ಡಿನಲ್ಲಿ ಮಾವನ ಫಿಲೇಚರು, ನೂಲು ಬಿಚ್ಚುವ ಮೂರು ಬೇಸಿನ್. ಬೆಂದ ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ತೇಲಿಸಿ, ಎಳೆಯ ತುದಿ ಹುಡುಕಿ, ನೂಲು ಬಿಚ್ಚಬೇಕು. ಒಂದು ಬೇಸಿನ್‌ಗೆ ಅಮ್ಮ, ಇನ್ನೊಂದಕ್ಕೆ ಕೂಲಿಗೆ ಬರುವ ಅಮ್ಮಾಜಮ್ಮ, ಮೂರನೆಯದಕ್ಕೆ ನಾನು. ಮಾವ ವೆಂಕಟರವಣಪ್ಪ ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿಗೆ ಹೋಗುತ್ತಾನೆ, ಊಟವಾದ ಮೇಲೆ ಮಲಗುತ್ತಾನೆ, ಉಳಿದ ಹೊತ್ತು ಹೊಡೆಯುತ್ತಾನೆ. ಮೋಟರಿನ ಹಳೇ ಬೆಲ್ಟು ಅದಕ್ಕೆಂದೇ ಮೊಳೆಗೆ ತೂಗಿಹಾಕಿದೆ. ಅತ್ತೆ ಎರಡು ವರ್ಷದ ಹಿಂದೆ ಗೌರಿಬಿದನೂರಿನ ತವರಿಗೆ ಹೋದವಳು ವಾಪಸ್ ಬರಲಿಲ್ಲ. ಒಳ್ಳೇ ಕೆಲಸ ಮಾಡಿದಳು.

ಬರೆಯುವುದಕ್ಕೆ ಕಾರಣ ಶ್ರೀವಲ್ಲಿ ಮೇಡಂ. ನಾನು ಬಿಟ್ಟ ಸ್ಕೂಲಿನ ಕನ್ನಡ ಮೇಡಂ. ಈಗ ಇದೇ ಊರಿನ ಹೈಸ್ಕೂಲಿಗೆ ಬಂದಿದ್ದಾರೆ. ಮೊನ್ನೆ ರೇಷನ್ ಅಂಗಡಿ ಮುಂದೆ ಸಿಕ್ಕಿ ಕೈ ಹಿಡಿದುಕೊಂಡರು.

"ಏನಮ್ಮಾ ಇದು, ಕೈ ಹಿಂಗೆ ಬೆಳ್ಳಗೆ ಊದ್ಕೊಂಡಿದೆ?"

"ಫಿಲೇಚರಿನ ಕೈ ಮೇಡಂ. ಹಿಂಗೇ ಇರುತ್ತೆ."

"ಹತ್ತನೇದು ಹೊರಗಿಂದ ಕಟ್ಟಬಹುದು ಕಣೇ. ನವೆಂಬರ್ ಕೊನೇ ಶನಿವಾರದವರೆಗೂ ನಮ್ಮ ಸ್ಕೂಲಲ್ಲೇ ಅರ್ಜಿ ತಗೋತೀವಿ. ದಿನಾ ಒಂದು ಪುಟ ಏನಾದ್ರೂ ಬರಿ. ಬರೆಯೋದು ಮರ್ತಿರ್ತೀಯ."

ಮರೆತಿಲ್ಲ. ಹತ್ತನೇ ಕನ್ನಡದಲ್ಲಿ ಒಂದು ಪ್ರಶ್ನೆ ಇರುತ್ತದೆ, ಲಾವಣ್ಯಳ ಪುಸ್ತಕದಲ್ಲಿ ನೋಡಿದೆ. ಪಾಠದ ಒಂದು ಮಾತು ಕೊಡುತ್ತಾರೆ. ಯಾರು ಯಾರಿಗೆ ಹೇಳಿದ್ದು, ಯಾವ ಸಂದರ್ಭದಲ್ಲಿ, ಅದರ ಸ್ವಾರಸ್ಯ ಏನು ಅಂತ ಬರೆಯಬೇಕು. ಮೂರು ಅಂಕ. ಬರೆಯುತ್ತೇನೆ.

"ನನ್ನ ಸೊಸೆ ಬೆರಳಿಗೆ ತುದಿ ಸಿಕ್ಕೋ ಥರ ಯಾವ ಮಿಷನ್ನಿಗೂ ಸಿಕ್ಕಲ್ಲ."
ಸಂದರ್ಭ: ನೂಲು ನೋಡಲು ಬಂದ ವ್ಯಾಪಾರಿಗೆ ಮಾವ ಹೇಳಿದ್ದು. 
ಸ್ವಾರಸ್ಯ: ಅವನ ತಲೆ.

೧೫ ಅಕ್ಟೋಬರ್, ಬುಧವಾರ

"ಬಾಗಿಲು ತಾಗ್ತು ಕಣಮ್ಮ."
ಸಂದರ್ಭ: ನನ್ನ ಕೆನ್ನೆ ನೋಡಿ ಪಕ್ಕದ ಮನೆ ಕೊಂಡಮ್ಮ ಏನಾಯಿತೆಂದು ಕೇಳಿದಾಗ ಅಮ್ಮ ಹೇಳಿದ್ದು. 
ಸ್ವಾರಸ್ಯ: ನಮ್ಮ ಮನೆಯ ಬಾಗಿಲಿಗೆ ಐದು ಬೆರಳಿದೆ. ಕೊಂಡಮ್ಮನಿಗೂ ಗೊತ್ತು. ಕೇಳುವುದು ಅವಳ ಚಟ, ಸುಳ್ಳು ಹೇಳುವುದು ಅಮ್ಮನ ಚಟ. ಮೂರು ವರ್ಷದಲ್ಲಿ ಬಾಗಿಲು, ಮೆಟ್ಟಿಲು, ಬಚ್ಚಲು, ಎಮ್ಮೆ ಎಲ್ಲಾ ಆಯಿತು. ನಮ್ಮ ಮನೆಯಲ್ಲಿ ಎಮ್ಮೆಯೇ ಇಲ್ಲ.

ಅಮ್ಮ ಹೇಡಿ. ಅವಳ ಬಗ್ಗೆ ಇನ್ನು ಬರೆಯುವುದಿಲ್ಲ.

೨೬ ಅಕ್ಟೋಬರ್, ಭಾನುವಾರ

ಮೇಡಂ ಹಳೇ ಸ್ಕೂಲಿನಿಂದ ನನ್ನ ಟಿ.ಸಿ. ತರಿಸಿದ್ದಾರೆ. ಆಧಾರ್ ಒಂದು ಸರಿಮಾಡಿಸಿಕೊಂಡು ಬಾ ಅಂದರು. ಚಿಕ್ಕವಳಿದ್ದಾಗ ಮಾಡಿಸಿದ್ದು, ಹದಿನೈದಾದ ಮೇಲೆ ಮತ್ತೆ ಬೆರಳು ಕೊಡಬೇಕಿತ್ತಂತೆ. ಯಾರು ಕೊಡಿಸುತ್ತಾರೆ ನಂಗೆ.

ಜೊತೆಗೆ ಒಂದು ಕಾದಂಬರಿ ಕೊಟ್ಟರು. ರಟ್ಟು ಕಿತ್ತುಹೋಗಿ ಹೆಸರೇ ಇಲ್ಲ. "ನಿನ್ನಂಥ ಹುಡುಗೀದೇ ಕಥೆ" ಅಂದರು. ನನ್ನಂಥ ಹುಡುಗಿ! ಅವಳಿಗೆ ಚಿಕ್ಕಪ್ಪ ಹೊಡೆಯುತ್ತಾನೆ, ಅವಳು ಅಟ್ಟದ ಮೇಲೆ ಕೂತು ಓದುತ್ತಾಳೆ. ಅವಳು ಅಳುವಾಗೆಲ್ಲ ಮಳೆ ಬರುತ್ತದೆ. ಮೇಡಂ ಪೆನ್ಸಿಲ್‌ನಲ್ಲಿ ಪಕ್ಕಕ್ಕೆ 'ಮಳೆ — ದುಃಖದ ಸಂಕೇತ' ಅಂತ ಬರೆದಿದ್ದಾರೆ. ನಮ್ಮಲ್ಲಿ ಮಳೆ ಬಂದರೆ ಸೌದೆ ಒದ್ದೆಯಾಗುತ್ತದೆ, ನೀರು ಕಾಯುವುದಿಲ್ಲ, ನೂಲು ಕೆಡುತ್ತದೆ, ಬೆಲ್ಟು ಮೊಳೆಯಿಂದ ಇಳಿಯುತ್ತದೆ. ಯಾವ ಸಂಕೇತವೂ ಇಲ್ಲ.

ಕಾದಂಬರಿ, ಈ ನೋಟ್‌ಬುಕ್ ಎರಡನ್ನೂ ಒಣಗಿದ ಹುಳುವಿನ ಚೀಲದ ಕೆಳಗೆ ಇಟ್ಟಿದ್ದೇನೆ. ನೂಲು ಬಿಚ್ಚಿದ ಮೇಲೆ ಉಳಿಯುವ ಹುಳು, ಕೋಳಿಯ ಮೇವಿಗೆ ಹೋಗುತ್ತದೆ. ಆ ನಾತಕ್ಕೆ ಮಾವ ಅತ್ತ ಸುಳಿಯುವುದಿಲ್ಲ.

೨೮ ಅಕ್ಟೋಬರ್, ಮಂಗಳವಾರ

ಮಾವ ಮಾರ್ಕೆಟ್ಟಿಗೆ ಹೋದ ತಕ್ಷಣ ಆಧಾರ್ ಸೆಂಟರಿಗೆ ಓಡಿದೆ. ಗಾಜಿನ ಮೇಲೆ ನಾಲ್ಕು ಬೆರಳು ಒತ್ತು ಅಂದ ಅಲ್ಲಿದ್ದವನು. ಸರಿಬಂದರೆ ಪರದೆಯಲ್ಲಿ ಹಸಿರು, ಇಲ್ಲದಿದ್ದರೆ ಕೆಂಪು. ಒತ್ತಿದೆ. ಕೆಂಪು. ಒರೆಸಿಕೊಂಡು ಒತ್ತು ಅಂದ. ಕೆಂಪು. ಎಡಗೈ. ಕೆಂಪು. ಹಿಂದಿನವರೆಲ್ಲ ಗೊಣಗತೊಡಗಿದರು.

"ಬೆರಳಲ್ಲಿ ಗೆರೇನೇ ಇಲ್ಲವಲ್ಲಮ್ಮ. ಫಿಲೇಚರಾ?"

"ಹೂಂ."

"ಈ ಊರಲ್ಲಿ ಅರ್ಧ ಜನದ್ದು ಇದೇ ಕಥೆ. ಹದಿನೈದು ಇಪ್ಪತ್ತು ದಿನ ಬಿಸಿನೀರಿಗೆ ಕೈ ಹಾಕ್ಬೇಡ. ಎಣ್ಣೆ ಹಚ್ಕೋ. ಗೆರೆ ತಾನಾಗೇ ಬರುತ್ತೆ. ಆಮೇಲೆ ಬಾ."

ಇಪ್ಪತ್ತು ದಿನ ಕೈ ಹಾಕಬೇಡವಂತೆ. ಇಪ್ಪತ್ತು ದಿನ ಉಸಿರಾಡಬೇಡ ಅಂದಿದ್ದರೆ ಅದಾದರೂ ಸುಲಭ.

ಮಾವ ಹೊಗಳುವ ಬೆರಳು ಇದೇ. ಮಿಷನ್ನಿಗಿಂತ ಚೆನ್ನಾಗಿ ತುದಿ ಹಿಡಿಯುತ್ತದೆ. ಮಿಷನ್ನಿಗೆ ಮಾತ್ರ ಇದು ಬೆರಳೇ ಅಲ್ಲ.

೩೦ ಅಕ್ಟೋಬರ್, ಗುರುವಾರ

ಅಮ್ಮಾಜಮ್ಮನಿಗೆ ಹೇಳಿದೆ. ಅಮ್ಮನಿಗೆ ಹೇಳಲಿಲ್ಲ, ಹೇಳಿದರೆ ಹೆದರಿ ಅಣ್ಣನಿಗೇ ಒಪ್ಪಿಸುತ್ತಾಳೆ. ಅಮ್ಮಾಜಮ್ಮ ಎಲೆಅಡಿಕೆ ಉಗಿದು ಬಂದು ತನ್ನ ಹೆಬ್ಬೆಟ್ಟು ತೋರಿಸಿದಳು. ಹುಣಸೇಬೀಜದ ಹಾಗೆ ನುಣ್ಣಗಿದೆ.

"ನಂದು ಹೋಗಿ ಇಪ್ಪತ್ತು ವರ್ಷ ಆಯ್ತಮ್ಮಾ. ಕೊಲೆ ಮಾಡಿದ್ರೂ ಪೊಲೀಸ್ರಿಗೆ ಗುರುತೇ ಸಿಕ್ಕಲ್ಲ. ಯಾರನ್ನಾದ್ರೂ ಮಾಡಣ ಅಂದ್ರೆ ಪುರುಸೊತ್ತಿಲ್ಲ."

"ನಮ್ಮ ಮನೇಲೇ ಒಬ್ರಿದಾರೆ ನೋಡು."

"ಅಯ್ಯೋ ದೇವುಡಾ! ನೂಲು ಯಾರೇ ಮಾರ್ತಾರೆ ಆಮೇಲೆ?"

ಕಡೆಗೆ ಅವಳೇ ದಾರಿ ಹೇಳಿದಳು. ಮಾವ ಮಾರ್ಕೆಟ್ಟಿನಲ್ಲಿರುವಷ್ಟು ಹೊತ್ತು ನನ್ನ ಬೇಸಿನ್ ಅವಳು ನೋಡಿಕೊಳ್ಳುತ್ತಾಳೆ. ನಾನು ಕೈಗೆ ಎಣ್ಣೆ ಹಚ್ಚಿಕೊಂಡು ಗೂಡು ಆರಿಸುತ್ತೇನೆ, ಅದು ಒಣ ಕೆಲಸ. ಅವನು ಬರುವ ಹೊತ್ತಿಗೆ ಸೀಗೆಪುಡಿಯಲ್ಲಿ ಕೈ ತೊಳೆದು ಕೂರಬೇಕು. ಮಧ್ಯಾಹ್ನ ಮಲಗಿದಾಗಲೂ ಹಾಗೇ. "ಎಣ್ಣೆ ಕೈ ಮಾತ್ರ ನೀರಿಗೆ ಬಿಡ್ಬೇಡಮ್ಮಾ, ನೂಲು ಸತ್ತೋಗುತ್ತೆ" ಅಂದಳು. ಅದು ನಂಗೆ ಗೊತ್ತಿಲ್ಲವಾ.

ಪಕ್ಕದ ಬೇಸಿನ್‌ನಲ್ಲಿ ಅಮ್ಮ ತಲೆಯೆತ್ತಲಿಲ್ಲ. ಮೋಟರಿನ ಸದ್ದಿಗೆ ಕೇಳಿಸಿರುವುದಿಲ್ಲ.

೫ ನವೆಂಬರ್, ಬುಧವಾರ

ಎಡಗೈ ತೋರುಬೆರಳಿನಲ್ಲಿ ಒಂದು ಗೆರೆ ಕಂಡಿತು. ಬಿಸಿಲಿಗೆ ಓರೆಯಾಗಿ ಹಿಡಿದರೆ ಮಾತ್ರ. ಲಾವಣ್ಯಳ ಸ್ಟಾಂಪ್ ಪ್ಯಾಡಿನಲ್ಲಿ ಒತ್ತಿ ಇಲ್ಲಿ ಹಾಕಿದ್ದೇನೆ. ಮಸಿಯ ಗೊಜ್ಜು ಕಾಣುತ್ತದೆ ಅಷ್ಟೇ. ನನಗೆ ಮಾತ್ರ ಗೆರೆ ಗೊತ್ತಾಗುತ್ತದೆ.

ವಾರದಿಂದ ಹಚ್ಚುತ್ತಿದ್ದೇನೆ, ಎಣ್ಣೆ ಬಾಟಲಿ ಖಾಲಿಯಾಗಿಲ್ಲ. ಒಳ್ಳೇ ಎಣ್ಣೆ.

"ಅಕ್ಕ, ಈ ಸ್ವಾರಸ್ಯ ಅಂದ್ರೆ ಏನಕ್ಕಾ ಬರೀಬೇಕು?" ಅಂತ ಲಾವಣ್ಯ ಬಂದಳು. ಹೇಳಿದ ಮಾತಿನ ಹಿಂದೆ ಹೇಳದೆ ಬಿಟ್ಟಿದ್ದು ಏನಿದೆಯೋ ಅದು ಅಂದೆ. "ಗೈಡಲ್ಲಿ ಹಂಗಿಲ್ಲ" ಅಂದಳು. ಗೈಡೇ ಬರಿ ಹೋಗು ಅಂದೆ. ಹೋಗಲಿಲ್ಲ. ನಾಲ್ಕು ಹೇಳಿಕೊಟ್ಟೆ. ಅವಳು ಕೆಟ್ಟವಳಲ್ಲ, ಸೋಮಾರಿ. ನನ್ನ ಜಾಗದಲ್ಲಿದ್ದಿದ್ದರೆ ಒಂದು ವಾರ ಉಳಿಯುತ್ತಿರಲಿಲ್ಲ ಅಂದುಕೊಂಡೆ, ಸಿಟ್ಟೇ ಬರಲಿಲ್ಲ. ಬರಲಿಲ್ಲವಲ್ಲ ಅಂತ ಸಿಟ್ಟು ಬಂತು.

೮ ನವೆಂಬರ್, ಶನಿವಾರ

ಎಡಗೈಯಲ್ಲಿ ಮೂರು ಬೆರಳು. ಬಲಗೈಯಲ್ಲಿ ಒಂದೂವರೆ.

೧೪ ನವೆಂಬರ್, ಶುಕ್ರವಾರ

ಎಡಗೈಲಿ ಬರೆದದ್ದು. ಅಕ್ಷರ ಕೋಳಿ ಕಾಲು.

ಬರೆಯೋದಿಲ್ಲ ಹೋಗು.

೧೭ ನವೆಂಬರ್, ಸೋಮವಾರ

ಬರೆಯುತ್ತೇನೆ. ಬೇರೆ ಕೆಲಸವೇನಿದೆ.

ಕಳೆದ ಸೋಮವಾರ ಮಾರ್ಕೆಟ್ಟಿನಲ್ಲಿ ಮಾವನಿಗೆ ಬೇಕಾದ ಗೂಡು ಸಿಕ್ಕಲಿಲ್ಲ. ಹೋದ ಅರ್ಧ ಗಂಟೆಗೆ ಅವನ ಗಾಡಿಯ ಸದ್ದು ಸಂದಿಯಲ್ಲಿ ಕೇಳಿಸಿತು. ಅಮ್ಮಾಜಮ್ಮ ಹೊರಗೆ ಸೌದೆಗೆ ಹೋಗಿದ್ದಳು. ನನ್ನ ಬೇಸಿನ್ ಮುಂದೆ ಯಾರೂ ಇಲ್ಲ. ಮೊರ ಎಸೆದು ಓಡಿ ಬಂದು ಕೂತೆ, ಕೈ ಒಳಗಿಟ್ಟೆ.

ತೊಳೆದಿರಲಿಲ್ಲ.

ಎಣ್ಣೆ ನೀರಿನ ಮೇಲೆ ಬಣ್ಣಬಣ್ಣವಾಗಿ ಹರಡಿತು. ಮೂರು ವರ್ಷ ಬಿಚ್ಚಿದ್ದೇನೆ, ಮೊದಲನೇ ದಿನ ಬಂದವಳೂ ಈ ತಪ್ಪು ಮಾಡುವುದಿಲ್ಲ. ತುದಿ ಜಾರುತ್ತಿತ್ತು. ಒಂದನ್ನೂ ಹಿಡಿಯಲಾಗಲಿಲ್ಲ. ಮಾವ ಬಗ್ಗಿ ನೋಡಿದ, ನೀರು ಮೂಸಿದ, ನನ್ನ ಕೈಯೆತ್ತಿ ಬೆಳಕಿಗೆ ಹಿಡಿದ.

"ಓಹೋ. ಯಾವನಿಗಮ್ಮಾ ಈ ಸಿಂಗಾರ?"

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಪರೀಕ್ಷೆಗೆ" ಅಂದೆ. "ಆಧಾರ್ ಸರಿಮಾಡ್ಸಕ್ಕೆ. ನಾನು ಹತ್ತನೇದು ಕಟ್ತೀನಿ, ಏನೀಗ?"

ಅವನು ನಕ್ಕ. "ಕಟ್ಟು, ಕಟ್ಟು" ಅಂತ ಬಲಗೈ ಮುಂಗೈ ಹಿಡಿದು, ಬೇಸಿನ್‌ಗಲ್ಲ, ಪಕ್ಕದ ಒಲೆಯ ಮೇಲೆ ಗೂಡು ಬೇಯುತ್ತಿದ್ದ ಪಾತ್ರೆಗೆ ಹಾಕಿದ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಅಮ್ಮ ಅವನ ಕಾಲು ಹಿಡಿದು ಎಳೆಯುತ್ತಿದ್ದದ್ದು ಕಂಡಿತು.

ಆಸ್ಪತ್ರೆಯಲ್ಲಿ ನರ್ಸಮ್ಮ ಮಾವನನ್ನು ಹೊರಗೆ ಕಳಿಸಿದರು. ಬಾಗಿಲು ಹಾಕಿದರು. ಒಳ್ಳೆಯವರು. "ನಿಜ ಹೇಳಮ್ಮ, ಯಾರಾದ್ರೂ ಮಾಡಿದ್ರಾ? ನೀನು ಹೇಳಿದ್ರೆ ನಾನು ಫೋನ್ ಮಾಡ್ತೀನಿ, ಮಕ್ಕಳ ಸಹಾಯವಾಣಿಯೋರು ಬರ್ತಾರೆ" ಅಂದರು. ಮೂರು ವರ್ಷದಿಂದ ಯಾರಾದರೂ ಇದನ್ನು ಕೇಳಲಿ ಅಂತ ಕಾಯುತ್ತಿದ್ದೆ. ಏನೇನು ಹೇಳಬೇಕು ಅಂತ ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ. ಕಿಟಕಿಯಾಚೆ ಅಮ್ಮ ಗೋಡೆಗೆ ಒರಗಿ ಕೂತಿದ್ದಳು, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಇವತ್ತು ಮಾವನನ್ನು ಕರೆದುಕೊಂಡು ಹೋದರೆ ನಾಳೆ ಅವನ ಮನೆಯಲ್ಲಿ ಅವಳು ಎಲ್ಲಿ ಇರುತ್ತಾಳೆ?

"ನಾನೇ ಚೆಲ್ಕೊಂಡೆ ಸಿಸ್ಟರ್."
ಸಂದರ್ಭ: ಬರೆದಾಗಿದೆ. 
ಸ್ವಾರಸ್ಯ:

೨೩ ನವೆಂಬರ್, ಭಾನುವಾರ

ಕಾದಂಬರಿ ಮುಗಿಸಿದೆ. ಕೊನೆಯಲ್ಲಿ ಹುಡುಗಿ ಬಸ್ಸು ಹತ್ತುತ್ತಾಳೆ, ಮಳೆ ನಿಲ್ಲುತ್ತದೆ. ಮೇಡಂ ಪಕ್ಕದಲ್ಲಿ 'ಆಶಾವಾದ' ಅಂತ ಬರೆದಿದ್ದಾರೆ.

ಅದರಲ್ಲಿ ಒಬ್ಬಳು ಅಮ್ಮ ಇದ್ದಾಳೆ. ಮತ್ತೆ ಹಿಂದಿನಿಂದ ತಿರುವಿ ಎಣಿಸಿದೆ, ಇನ್ನೂರು ಪುಟದಲ್ಲಿ ಅವಳಿಗೆ ನಾಲ್ಕೇ ಮಾತು. ಊಟ ಮಾಡು, ಬಾಗಿಲು ಹಾಕು, ಸುಮ್ನಿರು, ಹೋಗು. ಉಳಿದ ಹೊತ್ತೆಲ್ಲ ಅವಳು ಏನು ಮಾಡುತ್ತಿದ್ದಳು? ಮಗಳು ಬಸ್ಸು ಹತ್ತಿದ ಸಾಯಂಕಾಲ ಚಿಕ್ಕಪ್ಪ ಮನೆಗೆ ಬಂದು ಯಾರನ್ನು ಹೊಡೆದ? ಬರೆದವರಿಗೆ ಅದು ಬೇಕಾಗಿಲ್ಲ.

ನನ್ನ ಬೇಸಿನ್‌ನಲ್ಲೂ ಅಮ್ಮನೇ ಬಿಚ್ಚುತ್ತಿದ್ದಾಳೆ. ಎರಡು ಬೇಸಿನ್, ಎರಡು ಕೈ.

೨೯ ನವೆಂಬರ್, ಶನಿವಾರ

ಇವತ್ತು ಕೊನೇ ದಿನ. ಐದು ಗಂಟೆಗೆ ಸ್ಕೂಲ್ ಆಫೀಸು ಮುಚ್ಚುತ್ತದೆ. ಲಾವಣ್ಯಳ ಗಡಿಯಾರದಲ್ಲಿ ನೋಡುತ್ತಾ ಕೂತಿದ್ದೆ. ಐದಾಯಿತು. ಐದೂ ಹತ್ತಾಯಿತು. ಎದ್ದು ಹುಳು ಒಣಹಾಕಿದೆ.

೪ ಡಿಸೆಂಬರ್, ಗುರುವಾರ

ಬೆಳಿಗ್ಗೆ ಅಮ್ಮ ತಲೆಗೆ ನೀರು ಹಾಕಿಕೊಂಡು ಬಂದು ಮಾವನ ಎದುರಿಗೆ ನಿಂತಳು.

"ಅಣ್ಣಾ, ಇವಳ ಕೈಗೆ ಮುರುಗಮಲ್ಲ ದರ್ಗಾಕ್ಕೆ ಹರಕೆ ಹೊತ್ತಿದೀನಿ. ಇವತ್ತು ಗುರುವಾರ, ಹೋಗ್ಬೇಕು. ಸೋಮವಾರದಿಂದ ಕೆಲಸಕ್ಕೆ ಕೂತ್ಕೋತಾಳೆ."

ಮಾವ ಮನುಷ್ಯರಿಗೆ ಹೆದರುವುದಿಲ್ಲ, ಹರಕೆಗೆ ಹೆದರುತ್ತಾನೆ. ಅವನೂ ಗೂಡಿನ ರೇಟು ಬಿದ್ದಾಗೆಲ್ಲ ಅಲ್ಲಿಗೆ ಹೋಗಿ ಸಕ್ಕರೆಗೆ ಫಾತೆಹಾ ಓದಿಸಿಕೊಂಡು ಬರುವವನೇ. "ಹೋಗ್ಬನ್ನಿ. ನಂದೂ ಹೇಳ್ಕೊಳೇ" ಅಂದ.

ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತೆ. ಕೈ ಸುಟ್ಟವನ ಮನೆಯಲ್ಲಿ ಅನ್ನ ತಿಂದು, ಕೈಗಾಗಿ ದೇವರ ಹತ್ತಿರ ಹೋಗುವ ಹೆಂಗಸಿನ ಜೊತೆ ಏನು ಮಾತು. ಚಿಂತಾಮಣಿಯಲ್ಲಿ ಬಸ್ಸು ನಿಂತಾಗ ಅಮ್ಮ ಎದ್ದಳು. "ಇಳಿ."

"ಇನ್ನೂ ಮುಂದಕ್ಕೆ ಹೋಗ್ಬೇಕಲ್ಲ."

"ಇಳಿಯೇ ಸುಮ್ನೆ."

ಕೇಳಿಕೊಂಡು ಕೇಳಿಕೊಂಡು ಎರಡು ರಸ್ತೆ ದಾಟಿ ಕರೆದುಕೊಂಡು ಹೋದಳು. ಬೋರ್ಡು ಓದಲು ಬರದವಳು. ಆಧಾರ್ ಸೆಂಟರ್ ಮುಂದೆ ನಿಂತು ಸೆರಗಿನ ಗಂಟು ಬಿಚ್ಚಿದಳು. ನನ್ನ ಹಳೇ ಕಾರ್ಡು, ಮಡಿಸಿದ್ದು.

"ಶಿಡ್ಲಘಟ್ಟದಲ್ಲಾದ್ರೆ ಯಾರಾದ್ರೂ ನೋಡಿ ಅಣ್ಣಂಗೆ ಹೇಳ್ತಾರೆ" ಅಂದಳು.

"ನಿಂಗೆ ಯಾರು ಹೇಳಿದ್ದು ಇದೆಲ್ಲಾ? ಅಮ್ಮಾಜಮ್ಮನಾ?"

"ಎಣ್ಣೆ ಬಾಟ್ಲಿಗೆ ದಿನಾ ಯಾರು ತುಂಬಿಸ್ತಿದ್ರು ಅನ್ಕೊಂಡಿದ್ದೆ?"

ನನಗೆ ಕೆಟ್ಟ ಸಿಟ್ಟು ಬಂತು. "ಕೊನೇ ದಿನ ಮುಗಿದೋಯ್ತಮ್ಮ. ಶನಿವಾರವೇ ಮುಗಿದೋಯ್ತು. ಈಗ ಬಂದು ಏನುಪಯೋಗ?" ಅಂತ ರಸ್ತೆಯಲ್ಲೇ ಕಿರುಚಿದೆ. ಜನ ನೋಡಿದರು. ಅಮ್ಮನಿಗೆ ಶನಿವಾರದ ವಿಷಯ ಗೊತ್ತಿರಲಿಲ್ಲ. ಅವಳಿಗೆ ಬೆರಳಿನ ವಿಷಯ ಮಾತ್ರ ಗೊತ್ತಿತ್ತು. ಕಾರ್ಡಿನ ಮಡಿಕೆಯನ್ನು ಬೆರಳಿನಿಂದ ನೀವಿ ಸರಿಮಾಡಿದಳು.

"ಗೆರೆ ಇರೋದು ಇವತ್ತು ತಾನೇ" ಅಂದಳು. "ಸೋಮವಾರದಿಂದ ಮತ್ತೆ ಇರಲ್ಲ."

ಒಳಗೆ ಹೋದೆವು. ಎಡಗೈ ನಾಲ್ಕೂ ಹಸಿರು. ಹೆಬ್ಬೆರಳು ಹಸಿರು. ಬಲಗೈಯ ಹೊಸ ಚರ್ಮ ಗುಲಾಬಿ ಬಣ್ಣಕ್ಕಿದೆ, ಒತ್ತಿದರೆ ಉರಿಯುತ್ತದೆ. ಎರಡು ಬೆರಳು ಹಸಿರಾದವು, ಉಳಿದದ್ದಕ್ಕೆ ಅಲ್ಲಿದ್ದ ಹುಡುಗಿ ಏನೋ ಬರೆದುಕೊಂಡು, "ಆಗುತ್ತೆ, ತಗೊಂಡಿದೆ" ಅಂದಳು. ಅಮ್ಮ ಪರದೆಯ ಮೇಲಿನ ಗೆರೆಗಳನ್ನೇ ನೋಡುತ್ತಿದ್ದಳು. "ಇದು ಇವಳದೇನಾ?" ಅಂತ ಎರಡು ಸಲ ಕೇಳಿದಳು.

ಮುರುಗಮಲ್ಲಕ್ಕೆ ಹೋಗಲು ಹೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಅಮ್ಮ ಕಾಲು ಕೆಜಿ ಸಕ್ಕರೆ ಕಟ್ಟಿಸಿಕೊಂಡು, ಪೊಟ್ಟಣದ ಮೇಲೆ ಹೂವಿನವಳಿಂದ ಎರಡು ಗುಲಾಬಿ ಪಕಳೆ ಕೇಳಿ ಇಟ್ಟುಕೊಂಡಳು.

"ದರ್ಗಾದ ಸಕ್ಕರೆ ತಗೋ ಅಣ್ಣ."
ಸಂದರ್ಭ: ಸಾಯಂಕಾಲ ಮನೆಗೆ ಬಂದಾಗ ಅಮ್ಮ ಮಾವನಿಗೆ ಹೇಳಿದ್ದು. ಮಾವ ಚಪ್ಪಲಿ ಬಿಟ್ಟು ಎದ್ದು ನಿಂತ, ಎರಡೂ ಕೈಯೊಡ್ಡಿದ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ಅಮ್ಮನ ಮುಖದಲ್ಲಿ ಏನೂ ಇರಲಿಲ್ಲ. ಬಾಗಿಲು, ಮೆಟ್ಟಿಲು, ಎಮ್ಮೆ ಹೇಳುವಾಗ ಇರುತ್ತಿದ್ದ ಮುಖವೇ. 
ಸ್ವಾರಸ್ಯ: ಮೂರು ವರ್ಷ ಅವಳು ಇದನ್ನು ಕಲಿಯುತ್ತಿದ್ದಳು. ನಾನು ಅದನ್ನು ಹೇಡಿತನ ಅಂತ ಬರೆದಿದ್ದೇನೆ, ಎರಡನೇ ದಿನದ ಪುಟದಲ್ಲಿ. ಆ ಸಾಲು ಹೊಡೆದು ಹಾಕುವುದಿಲ್ಲ. ಆವತ್ತಿಗೆ ಅಷ್ಟೇ ಗೊತ್ತಿತ್ತು.

೮ ಡಿಸೆಂಬರ್, ಸೋಮವಾರ

ಬೇಸಿನ್‌ಗೆ ಕೂತೆ. ಹೊಸ ಚರ್ಮಕ್ಕೆ ಬಿಸಿನೀರು ತಾಗಿದಾಗ ಕಣ್ಣು ಕತ್ತಲೆ ಬಂತು. ಮಧ್ಯಾಹ್ನದ ಹೊತ್ತಿಗೆ ಬೆರಳು ಬೆಳ್ಳಗಾಯಿತು. ಇನ್ನು ವಾರಕ್ಕೆ ಗೆರೆ ಹೋಗುತ್ತದೆ. ಮಾವ ಬೆಲ್ಟನ್ನು ಮೊಳೆಯ ಮೇಲೇ ಬಿಟ್ಟು, "ಹಂಗಿರಬೇಕು" ಅಂದ.

ಈ ವರ್ಷ ಲಾವಣ್ಯ ಬರೆಯುತ್ತಾಳೆ. ನಾನು ಹೇಳಿಕೊಟ್ಟ ಸ್ವಾರಸ್ಯ ಬಂದರೂ ಬರಬಹುದು, ಅವಳ ರಿಜಿಸ್ಟರ್ ನಂಬರಿನಲ್ಲಿ. ಮೇಡಂ ಬರುವ ವರ್ಷದ ಅರ್ಜಿಯ ಮಾತಾಡುತ್ತಾರೆ. ಬರುವ ವರ್ಷದ ಹೊತ್ತಿಗೆ ಈ ಕೈ ಏನಾಗಿರುತ್ತದೋ, ಯಾವ ಪಾತ್ರೆಯಲ್ಲಿರುತ್ತದೋ.

ಕೊಂಡಮ್ಮ ಹುಳು ಕೇಳುವ ನೆಪದಲ್ಲಿ ಶೆಡ್ಡಿಗೆ ಬಂದು ನನ್ನ ಕೈ ನೋಡಿದಳು. "ಏನ್ರೇ ಇದು, ಹಿಂಗೆ ಬೆಂದೋಗಿದೆ?"

"ನೀರು ಚೆಲ್ತು ಕಣಮ್ಮ" ಅಂದಳು ಅಮ್ಮ, ತಲೆಯೆತ್ತದೆ.

"ಹೂಂ, ಚೆಲ್ತು" ಅಂದೆ ನಾನು. ನನಗೂ ತಲೆಯೆತ್ತಬೇಕು ಅನ್ನಿಸಲಿಲ್ಲ. ತುದಿ ಸಿಕ್ಕಿತ್ತು.

ಯಾರು ಯಾರಿಗೆ ಹೇಳಿದರು: ಇಬ್ಬರು ಒಬ್ಬಳಿಗೆ. 
ಸ್ವಾರಸ್ಯ: ಬರುವ ನವೆಂಬರ್‌ವರೆಗೆ ನಾವಿಬ್ಬರೂ ಇದನ್ನೇ ಹೇಳಬೇಕು.